ಡಿಲೂಡ್ ಅನ್ನು ವಾಕ್ಯದಲ್ಲಿ ಬಳಸುವುದು ಹೇಗೆ?

ಕಲಿಕೆಗಾರ: ಡಿಸೀವ್, ಚೀಟ್, ಡಿಲೂಡ್ ಮೂರಕ್ಕೂ 'ಮೋಸ ಮಾಡು' ಅಂತಲೇ ಅರ್ಥ ಸಿಗ್ತಿದೆ. ಯಾವುದು ಎಲ್ಲಿ? 'ಹಿ ಡಿಲೂಡೆಡ್ ದಟ್ ಹಿ ಈಸ್ ರಿಚ್' ಸರಿ ಇದೆಯಾ?

ಪದಸಂಚಾರಿ: ಸರಿ ಇಲ್ಲ. ಡಿಲೂಡ್ ಸಕರ್ಮಕ, ಯಾರನ್ನು ಅಂತ ಹೇಳಲೇಬೇಕು. 'ಭ್ರಮೆ ಹುಟ್ಟಿಸಿಕೊಂಡ' ಅಂದಾಗ ನಮ್ಮ 'ಕೊಂಡ'ದಲ್ಲೇ 'ತನ್ನಲ್ಲಿ' ಅನ್ನೋದು ಅಡಗಿರುತ್ತೆ. ಇಂಗ್ಲಿಷಿಗೆ ಆ 'ಕೊಳ್ಳು' ಇಲ್ಲ, ಹಿಮ್‌ಸೆಲ್ಫ್ ಅಂತ ಬಿಡಿಯಾಗಿ ಬರೀಬೇಕು. ಕನ್ನಡಿಗರು ಎಡವೋದು ಹೆಚ್ಚಾಗಿ ಇಲ್ಲೇ.

ಸರಿಯಾದದ್ದು: 'ಹಿ ಡಿಲೂಡೆಡ್ ಹಿಮ್‌ಸೆಲ್ಫ್ ಇಂಟು ಥಿಂಕಿಂಗ್ ಹಿ ವಾಸ್ ರಿಚ್.' ಇಂಟು ಆದ್ಮೇಲೆ ಇಂಗ್ ರೂಪವೇ ಬರಬೇಕು, 'ಇಂಟು ಥಿಂಕ್' ಆಗಲ್ಲ. ಮೊದಲ ಕ್ರಿಯಾಪದ ಭೂತಕಾಲದಲ್ಲಿರೋದರಿಂದ ಈಸ್ ಹೋಗಿ ವಾಸ್ ಆಯ್ತು. ಇಂಟು ಇಲ್ಲದೆಯೂ ನಡೆಯುತ್ತೆ: 'ಸ್ಟಾಪ್ ಡಿಲೂಡಿಂಗ್ ಯುವರ್‌ಸೆಲ್ಫ್.' ಮಾತಿನಲ್ಲಾದರೆ 'ಡೋಂಟ್ ಕಿಡ್ ಯುವರ್‌ಸೆಲ್ಫ್' ಹೆಚ್ಚು ಸಹಜ.

ಕಾನೂನುಕಟ್ಟೆ: ಚೀಟ್ ಅಂದರೆ ಅನ್ಯಾಯದ ಲಾಭ: ದುಡ್ಡು, ಪರೀಕ್ಷೆ, ಇಸ್ಪೀಟು. 'ದೇ ಚೀಟೆಡ್ ಹಿಮ್ ಔಟ್ ಆಫ್ ಹಿಸ್ ಲ್ಯಾಂಡ್' ಅಂದರೆ ಮೋಸದಿಂದ ಜಮೀನು ಹೊಡೆದುಕೊಂಡರು. ನಮ್ಮ ಕಾನೂನಿನ ಪದವೂ ಚೀಟಿಂಗೇ. ಹಳೇ 420ನೇ ಕಲಂ 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆಯ 318(4) ಆಗಿದೆ, ಬೈಗುಳ ಮಾತ್ರ ಇನ್ನೂ ಫೋರ್‌ಟ್ವೆಂಟಿಯೇ! ಡಿಸೀವ್‌ನಲ್ಲಿ ಸುಳ್ಳನ್ನು ನಂಬಿಸೋದು ಮುಖ್ಯ, ದುಡ್ಡು ಹೋಗಬೇಕಂತಿಲ್ಲ. ಡಿಲೂಡ್‌ನಲ್ಲಿ ಕಣ್ಣೆದುರು ಸತ್ಯ ಇದ್ದರೂ ಹುಸಿನಂಬಿಕೆಗೆ ಜೋತುಬಿದ್ದಿರೋ ಛಾಯೆ ಇದೆ.

ಇನ್ನೊಂದು, 'ಅವನಿಗೆ ಮೋಸ ಮಾಡಿದ' ಅನ್ನೋದರ ಚತುರ್ಥಿಯನ್ನು ಹೊತ್ತುಕೊಂಡು ಹೋಗಿ 'ಚೀಟೆಡ್ ಟು ಹಿಮ್' ಅಂತ ಬರೀತಾರೆ. ಮೂರರಲ್ಲಿ ಯಾವುದಕ್ಕೂ ಟು ಬೇಡ.

ಪದಸಂಚಾರಿ: ನಾಮಪದ ಡಿಲೂಷನ್. ಇಲ್ಯೂಷನ್ ಬೇರೆ: ಬಿಸಿಲುಗುದುರೆ ಇಲ್ಯೂಷನ್, ಅದು ಕೆರೆಯೇ ಅಂತ ಹಟ ಹಿಡಿಯೋದು ಡಿಲೂಷನ್. ಇಲೂಡ್ ಅಂದರೆ ಕೈಗೆ ಸಿಗದೆ ತಪ್ಪಿಸಿಕೊಳ್ಳೋದು, ಅಲೂಡ್ ಅಂದರೆ ಪರೋಕ್ಷವಾಗಿ ಸೂಚಿಸೋದು. ಅಲೂಡ್ ಒಂದಕ್ಕೆ ಟು ಬೇಕು.

ಕಲಿಕೆಗಾರ: ಥ್ಯಾಂಕ್ಸ್ ಸರ್. ಆಫೀಸಿನ ಮೇಲ್‌ನಲ್ಲಿ 'ಯೂ ಆರ್ ಡಿಲೂಡೆಡ್' ಅನ್ನಬಹುದಾ?

ಕಾನೂನುಕಟ್ಟೆ: ಬೇಡ ಮಾರಾಯ್ರೆ, 'ನಿಮಗೆ ತಲೆ ಸರಿಯಿಲ್ಲ' ಅಂದ ಹಾಗಾಗುತ್ತೆ. 'ಐ ಥಿಂಕ್ ದೇರ್ ಈಸ್ ಎ ಮಿಸ್‌ಅಂಡರ್‌ಸ್ಟ್ಯಾಂಡಿಂಗ್' ಅಂತ ಬರೀರಿ.