‘ಕಾನೂನು ಪರಿಹಾರ’ ಅಂದರೆ ದುಡ್ಡೇ? ಡಾಕ್ಟರ ಲೈಸೆನ್ಸ್ ಅಮಾನತಿನ ಕೆಲವು ಪದಗಳು

ಡಾಕ್ಟರ ಲೈಸೆನ್ಸನ್ನು ತಪ್ಪಾಗಿ ಅಮಾನತು ಮಾಡಿದರೆ ಅವರು ಏನು ಮಾಡಬಹುದು ಎಂಬ ಬರಹವೊಂದನ್ನು ಕನ್ನಡಕ್ಕೆ ತರುತ್ತಿದ್ದೇನೆ. ‘ಲೀಗಲ್ ರೆಮಿಡಿ’, ಅಂದರೆ ಅನ್ಯಾಯ ಸರಿಪಡಿಸಿಕೊಳ್ಳಲು ಕಾನೂನು ಕೊಡುವ ದಾರಿ, ಎಂಬಲ್ಲಿ ಪೆನ್ನು ನಿಂತಿದೆ. ರೂಢಿಯಲ್ಲಿರುವುದು ‘ಕಾನೂನು ಪರಿಹಾರ’. ಆದರೆ ಬೆಳೆ ಪರಿಹಾರ, ಅಪಘಾತ ಪರಿಹಾರ ಎಂದು ಓದಿ ಓದಿ, ಪರಿಹಾರ ಅಂದರೆ ದುಡ್ಡು ಎಂದೇ ಆಗಿಬಿಟ್ಟಿದೆ, ಅಲ್ವಾ?

ಇಲ್ಲಿ ದುಡ್ಡಿನ ಮಾತು ಬರುವುದು ತೀರಾ ಕೊನೆಗೆ. ಸದುದ್ದೇಶದಿಂದ ಮಾಡಿದ ಕೆಲಸಕ್ಕೆ ದಾವೆ ಹೂಡುವಂತಿಲ್ಲ ಎಂಬ ರಕ್ಷಣೆ ಲೈಸೆನ್ಸ್ ಅಮಾನತು ಮಾಡುವ ಮಂಡಳಿಗಳಿಗೆ ಸಾಮಾನ್ಯವಾಗಿ ಇರುತ್ತದೆ. ಡಾಕ್ಟರಿಗೆ ಮೊದಲು ಬೇಕಿರುವುದು ಮೇಲ್ಮನವಿ, ಅದರ ಜೊತೆಗೆ ತಡೆಯಾಜ್ಞೆ. ಬ್ರಿಟನ್ನಿನಲ್ಲಿ 28 ದಿನಗಳೊಳಗೆ ಹೈಕೋರ್ಟಿಗೆ ಹೋಗಬೇಕು. ಭಾರತದಲ್ಲಿ 2019ರ ರಾಷ್ಟ್ರೀಯ ವೈದ್ಯಕೀಯ ಆಯೋಗ ಕಾಯ್ದೆಯ 30ನೇ ಸೆಕ್ಷನ್ ಪ್ರಕಾರ, ರಾಜ್ಯ ವೈದ್ಯಕೀಯ ಪರಿಷತ್ತಿನ ಆದೇಶದ ಮೇಲೆ ಮೊದಲು ನೀತಿ ಮತ್ತು ನೋಂದಣಿ ಮಂಡಳಿಗೆ ಹೋಗಬೇಕು. ಅಲ್ಲೂ ಸೋತರೆ 60 ದಿನಗಳೊಳಗೆ ಆಯೋಗಕ್ಕೆ.

ಇದನ್ನೆಲ್ಲ ಬಿಟ್ಟು ನೇರ ರಿಟ್ ಅರ್ಜಿ (ಇಂಥ ಆದೇಶವನ್ನು ಪ್ರಶ್ನಿಸಿ ಹೈಕೋರ್ಟಿಗೇ ಸಲ್ಲಿಸುವ ಅರ್ಜಿ) ಹಾಕಿದರೆ ಹೈಕೋರ್ಟು ‘ಪರ್ಯಾಯ ಪರಿಹಾರ ಇದೆ’ ಎಂದು ವಾಪಸ್ ಕಳಿಸಬಹುದು. ವಕೀಲರಿಗೆ ಇದು ನಿತ್ಯದ ಮಾತು. ಉಳಿದವರಿಗೆ ಮಾತ್ರ ಡಾಕ್ಟರಿಗೆ ಬೇರೆ ಯಾವುದೋ ದುಡ್ಡು ಸಿಕ್ಕಿದೆ ಅನ್ನಿಸುತ್ತದೆ! ಆದರೆ ಡಾಕ್ಟರ ಮಾತನ್ನೇ ಕೇಳದೆ ಆದೇಶ ಮಾಡಿದ್ದರೆ, ಅಂದರೆ ಸಹಜ ನ್ಯಾಯ ಮುರಿದಿದ್ದರೆ, ನೇರ ರಿಟ್ ಅರ್ಜಿಗೂ ಅವಕಾಶ ಉಂಟು. ನನಗೆ ‘ಕಾನೂನಿನ ದಾರಿ’, ‘ಬೇರೆ ದಾರಿ’ ಎಂದು ಬರೆಯುವ ಮನಸ್ಸು. ಕೋರ್ಟಿನವರು ಒಪ್ಪುತ್ತಾರೋ ಇಲ್ಲವೋ.

ಇನ್ನು ‘ಅಮಾನತು’. ಸರ್ಕಾರಿ ನೌಕರರನ್ನು ವಿಚಾರಣೆ ಮುಗಿಯುವ ತನಕ ದೂರ ಇಡುವುದಕ್ಕೆ ಈ ಪದ ಚೆನ್ನಾಗಿ ಕೂತಿದೆ. ಅದು ಶಿಕ್ಷೆಯಲ್ಲ, ಜೀವನಾಧಾರ ಭತ್ಯೆಯೂ ಸಿಗುತ್ತದೆ. ಸ್ವಂತ ಕ್ಲಿನಿಕ್ಕಿನ ಡಾಕ್ಟರಿಗೆ ಅಂಥ ಭತ್ಯೆ ಎಲ್ಲಿಂದ ಬರಬೇಕು? ಸಾಲದ್ದಕ್ಕೆ ಲೈಸೆನ್ಸಿನ ಅಮಾನತು ಎರಡು ಬಗೆ: ವಿಚಾರಣೆ ನಡೆಯುವಾಗಿನ ಮಧ್ಯಂತರ ಅಮಾನತು, ತಪ್ಪು ಸಾಬೀತಾದ ಮೇಲಿನ ಶಿಕ್ಷೆಯ ಅಮಾನತು. ಬ್ರಿಟನ್ನಿನಲ್ಲಿ ಒಂದು ಸಲಕ್ಕೆ ಮೊದಲನೆಯದಕ್ಕೆ 18 ತಿಂಗಳ ಮಿತಿ, ಎರಡನೆಯದಕ್ಕೆ 12. ತಪ್ಪು ಸಾಬೀತಾಗುವ ಮೊದಲಿನ ತಡೆಯೇ ಜಾಸ್ತಿ ಉದ್ದ! ಮೊದಲನೆಯದರಲ್ಲಿ ವಾದ ನಡೆಯುವುದು ರೋಗಿಗಳಿಗೆ ಅಪಾಯ ಇದೆಯೇ ಎಂಬುದರ ಮೇಲೆ. ಎರಡನೆಯದರಲ್ಲಿ ಸಾಕ್ಷ್ಯ ಸಾಕೇ, ಶಿಕ್ಷೆ ಹೆಚ್ಚಾಯಿತೇ ಎಂಬುದರ ಮೇಲೆ. ಸುಮ್ನೆ ‘ಅಮಾನತು’ ಎಂದರೆ ಯಾವುದು ಎಂದು ತಿಳಿಯುವುದಿಲ್ಲ. ಎರಡನೆಯದಕ್ಕೆ ‘ಅಮಾನತು ಶಿಕ್ಷೆ’ ಎಂದರೆ ಹೇಗೆ?

ತಪ್ಪಾಗಿ ಮಾಡಿದ ಅಮಾನತಿಗೆ ಇಂಗ್ಲಿಷಿನಲ್ಲಿ ಸೇರಿಸುವ ‘ರಾಂಗ್‌ಫುಲ್’ಗೆ ‘ಅಕ್ರಮ’ ಸಾಕು ಅನ್ನಿಸುತ್ತದೆ. ‘ಕಾನೂನುಬಾಹಿರ’ ಸ್ವಲ್ಪ ಭಾರ.

ಕೊನೆಯದು ‘ರದ್ದು’. ಲೈಸೆನ್ಸ್ ರದ್ದು ಅಂದರೆ ಡಾಕ್ಟರಿಗೆ ಕಷ್ಟ, ಅಮಾನತು ರದ್ದು ಅಂದರೆ ಗೆಲುವು. ‘ಅಮಾನತು ತೆರವು’ ಎಂಬುದೂ ಪತ್ರಿಕೆಗಳಲ್ಲಿ ಬರುತ್ತದೆ. ಮಂಡಳಿಯೇ ಮನಸ್ಸು ಬದಲಿಸಿ ಹಿಂಪಡೆದರೆ ‘ತೆರವು’, ಆದೇಶವೇ ತಪ್ಪು ಎಂದು ಕೋರ್ಟು ಹೊಡೆದುಹಾಕಿದರೆ ‘ರದ್ದು’ ಎಂದು ಬೇರೆ ಮಾಡಬಹುದು ಅನ್ನಿಸುತ್ತದೆ. ಮುಂದೆ ಕೆಲಸಕ್ಕೆ ಅರ್ಜಿ ಹಾಕುವಾಗ ಇವೆರಡೂ ಒಂದೇ ಅಲ್ಲ. ತೀರ್ಪುಗಳನ್ನು ಕನ್ನಡಕ್ಕೆ ತಂದವರು ಇಲ್ಲಿದ್ದರೆ, ನೀವು ಹೇಗೆ ಬರೆಯುತ್ತೀರಿ ತಿಳಿಸಿ.