ಕೌನ್ಸಿಲ್ ಟ್ಯಾಕ್ಸ್ ಬಾಕಿ ಇದ್ದರೆ ಹೊಸ ಕೆಲಸದ ಬ್ಯಾಕ್‌ಗ್ರೌಂಡ್ ಚೆಕ್‌ನಲ್ಲಿ ಗೊತ್ತಾಗುತ್ತಾ? (ಇಂಗ್ಲೆಂಡ್)

ಮಿಡ್‌ಲ್ಯಾಂಡ್ಸ್_ಮಂಡ್ಯ:
ನಮಸ್ಕಾರ. ಹಳೇ ಬಾಡಿಗೆ ಮನೆಯ ಕೌನ್ಸಿಲ್ ಟ್ಯಾಕ್ಸ್ (ಸ್ಥಳೀಯ ಆಡಳಿತಕ್ಕೆ ಕಟ್ಟುವ ಮನೆ ತೆರಿಗೆ) 1,640 ಪೌಂಡ್ ಬಾಕಿ ಇದೆ. ಮನೆ ಬಿಟ್ಟಾಗ ಡೈರೆಕ್ಟ್ ಡೆಬಿಟ್ ನಿಲ್ಲಿಸಿದ್ದಾಯ್ತು, ಕೌನ್ಸಿಲ್‌ಗೆ ಹೊಸ ವಿಳಾಸ ಕೊಟ್ಟಿರಲಿಲ್ಲ. ನೋಟಿಸುಗಳೆಲ್ಲ ಹಳೇ ವಿಳಾಸಕ್ಕೇ ಹೋಗಿವೆ. ಈಗ ಮ್ಯಾಜಿಸ್ಟ್ರೇಟ್ ಕೋರ್ಟಿನಲ್ಲಿ ಲಯಬಿಲಿಟಿ ಆರ್ಡರ್ (ಬಾಕಿ ಕಟ್ಟಲೇಬೇಕು ಅನ್ನುವ ಆದೇಶ) ಆಗಿದೆ ಅಂತ ಪತ್ರ ಸಿಕ್ಕಿದೆ.

ಇದೇ ಹೊತ್ತಿಗೆ ಲಂಡನ್ನಿನ ಒಂದು ಬ್ಯಾಂಕಿನಲ್ಲಿ ಐಟಿ ಹುದ್ದೆಗೆ ಆಫರ್ ಬಂದಿದೆ. ನಾಲ್ಕು ವಾರದಲ್ಲಿ ಸೇರಬೇಕು. ಹೊರಗಿನ ಏಜೆನ್ಸಿ ಚೆಕ್ ಮಾಡುತ್ತದೆ: ಡಿಬಿಎಸ್ (ಅಪರಾಧ ದಾಖಲೆ), ಕ್ರೆಡಿಟ್ (ಸಾಲದ ಇತಿಹಾಸ), 5 ವರ್ಷದ ವಿಳಾಸ. ಈ ಆರ್ಡರ್ ಅವರಿಗೆ ಕಾಣುತ್ತಾ? ನಾವಾಗಿ ಹೇಳಬೇಕಾ? ಆರ್ಡರನ್ನೇ ರದ್ದು ಮಾಡಿಸೋಕೆ ಆಗುತ್ತಾ?

ಲೆಡ್ಜರ್_ಪುಟ್ಟಯ್ಯ:
ಮೊದಲು ಎರಡು ಕಾಗದದ ವ್ಯತ್ಯಾಸ ತಿಳಿದುಕೊಳ್ಳಿ, ನಿಮ್ಮ ಅರ್ಧ ಚಿಂತೆ ಅಲ್ಲೇ ಕಳೆಯುತ್ತೆ. ಕ್ರೆಡಿಟ್ ಕಾರ್ಡಿನವರೋ ಫೋನ್ ಕಂಪನಿಯವರೋ ಕೌಂಟಿ ಕೋರ್ಟಿಗೆ ಹೋಗಿ ತರುವುದು ಸಿಸಿಜೆ, ಅಂದರೆ ಕೌಂಟಿ ಕೋರ್ಟಿನ ತೀರ್ಪು. ಅದು ತೀರ್ಪುಗಳ ಸಾರ್ವಜನಿಕ ರಿಜಿಸ್ಟರಿನಲ್ಲಿ 6 ವರ್ಷ ಇರುತ್ತೆ, ಒಂದು ತಿಂಗಳೊಳಗೆ ಪೂರ್ತಿ ಕಟ್ಟಿದರೆ ಮಾತ್ರ ಅಳಿಸುತ್ತಾರೆ. ಕೌನ್ಸಿಲ್ ತರುವ ಲಯಬಿಲಿಟಿ ಆರ್ಡರ್ ಸಿಸಿಜೆ ಅಲ್ಲ. ಆ ರಿಜಿಸ್ಟರಿಗೆ ಅದು ಹೋಗುವುದೇ ಇಲ್ಲ. ಎಕ್ಸ್‌ಪೀರಿಯನ್, ಈಕ್ವಿಫ್ಯಾಕ್ಸ್, ಟ್ರಾನ್ಸ್‌ಯೂನಿಯನ್ ಎಂಬ ಕ್ರೆಡಿಟ್ ಸಂಸ್ಥೆಗಳ ಫೈಲುಗಳಲ್ಲೂ ಕೌನ್ಸಿಲ್ ಟ್ಯಾಕ್ಸ್ ಬಾಕಿ ಸಾಮಾನ್ಯವಾಗಿ ಬರುವುದಿಲ್ಲ.

ಡಿಬಿಎಸ್ ನೋಡುವುದು ಅಪರಾಧ ದಾಖಲೆ. ಇದು ಸಿವಿಲ್ ಬಾಕಿ. ಬೇಸಿಕ್ ಡಿಬಿಎಸ್ ಇರಲಿ, ಎನ್‌ಹಾನ್ಸ್‌ಡ್ ಇರಲಿ, ಇದಕ್ಕೆ ಅಲ್ಲಿ ಜಾಗವಿಲ್ಲ.

ಉದ್ಯೋಗಕ್ಕಾಗಿ ಮಾಡುವ ಕ್ರೆಡಿಟ್ ಚೆಕ್‌ನಲ್ಲಿ ಏಜೆನ್ಸಿಗೆ ಸಿಗುವುದು ಹೆಚ್ಚಾಗಿ ಸಾರ್ವಜನಿಕ ಮಾಹಿತಿ: ಮತದಾರರ ಪಟ್ಟಿ, ಸಿಸಿಜೆ, ದಿವಾಳಿತನ, ಐವಿಎ (ಸಾಲಗಾರರ ಜೊತೆ ಮಾಡಿಕೊಳ್ಳುವ ಕಾನೂನುಬದ್ಧ ಸಾಲ ತೀರಿಕೆ ಒಪ್ಪಂದ). ಬಾಕಿ 5,000 ಪೌಂಡ್ ಮುಟ್ಟಿ ಕೌನ್ಸಿಲ್ ದಿವಾಳಿ ಅರ್ಜಿ ಹಾಕಿ, ಕೋರ್ಟು ದಿವಾಳಿ ಎಂದು ಆದೇಶ ಕೊಟ್ಟರೆ ಮಾತ್ರ ವಿಷಯ ದಾಖಲೆಗೆ ಹತ್ತುತ್ತೆ. ನೀವು ಅದರ ಹತ್ತಿರಕ್ಕೂ ಇಲ್ಲ. ಹಾಗಾಗಿ ನೀವಾಗಿ ಬಾಯಿ ಬಿಡಬೇಡಿ, ಸುಮ್ಮನೆ ಸೇರಿಕೊಳ್ಳಿ.

ಪೇರೋಲ್_ಪದ್ಮ:
ಪುಟ್ಟಯ್ಯನವರು ಹೇಳಿದ್ದು ಕೊನೇ ಸಾಲಿನ ತನಕ ಸರಿ. ಚೆಕ್‌ನಲ್ಲಿ ಕಾಣಲ್ಲ ನಿಜ. ಆದರೆ ಬಾಕಿ ಹಾಗೇ ಬಿಟ್ಟರೆ ಅದು ಸೇರಿದ ಮೇಲೆ ಪೇರೋಲ್ ಬಾಗಿಲಿಂದ ಒಳಗೆ ಬರುತ್ತೆ.

ಲಯಬಿಲಿಟಿ ಆರ್ಡರ್ ಆದಮೇಲೆ ಕೌನ್ಸಿಲ್ ನಿಮ್ಮ ಉದ್ಯೋಗ, ಸಂಬಳದ ವಿವರ ಕೇಳಿ ಫಾರಂ ಕಳಿಸಬಹುದು. 14 ದಿನದಲ್ಲಿ ತುಂಬಿ ಕೊಡಬೇಕು. ಕೊಡದಿದ್ದರೆ 500 ಪೌಂಡಿನವರೆಗೆ ದಂಡ, ಬೇಕಂತಲೇ ಸುಳ್ಳು ಬರೆದರೆ 1,000ದವರೆಗೆ. ಗಮನಿಸಿ, ಬಾಕಿ ಸಿವಿಲ್ ಆದರೂ ಈ ಫಾರಂ ಕಡೆಗಣಿಸುವುದು ಅಪರಾಧ. ಅದಾದ ಮೇಲೆ ಕೌನ್ಸಿಲ್ ಮತ್ತೆ ಕೋರ್ಟಿಗೆ ಹೋಗದೆ ನೇರವಾಗಿ ನಿಮ್ಮ ಕಂಪನಿಗೆ ಅಟ್ಯಾಚ್‌ಮೆಂಟ್ ಆಫ್ ಅರ್ನಿಂಗ್ಸ್ ಆರ್ಡರ್, ಅಂದರೆ ಸಂಬಳದಿಂದಲೇ ಹಿಡಿದು ಕಟ್ಟಿ ಅನ್ನುವ ಆದೇಶ, ಕಳಿಸಬಹುದು. ಅದರಲ್ಲಿ ಕೌನ್ಸಿಲ್ ಹೆಸರು, ಮೊತ್ತ ಎಲ್ಲ ಇರುತ್ತೆ. ಬೇಡ ಅನ್ನುವ ಹಕ್ಕು ಕಂಪನಿಗಿಲ್ಲ.

ಕಡಿತ ಎಷ್ಟು ಅಂತ ಬಹಳ ಜನಕ್ಕೆ ಅಂದಾಜೇ ಇರಲ್ಲ. ಇಂಗ್ಲೆಂಡಿನ ಪಟ್ಟಿಯಂತೆ ತಿಂಗಳ ಕೈಸಂಬಳ (ಇನ್‌ಕಂ ಟ್ಯಾಕ್ಸ್, ನ್ಯಾಷನಲ್ ಇನ್ಶೂರೆನ್ಸ್, ಪಿಂಚಣಿ ಕಳೆದು) 900ರಿಂದ 1,420 ಪೌಂಡ್ ಇದ್ದರೆ 12%, 2,020ರ ತನಕ 17%. ಅದನ್ನು ದಾಟಿದರೆ ಮೊದಲ 2,020ಕ್ಕೆ 17%, ಮೇಲಿನದಕ್ಕೆ ಬರೋಬ್ಬರಿ 50%. ಕೈಗೆ 3,000 ಬರುತ್ತೆ ಅಂದುಕೊಳ್ಳಿ: 343.40 + 490 = 833.40 ಪೌಂಡ್ ಒಂದೇ ತಿಂಗಳಲ್ಲಿ ಹೋಗುತ್ತೆ. ಜೊತೆಗೆ ಪ್ರತಿ ಕಡಿತಕ್ಕೆ ಕಂಪನಿ ತನ್ನ ಖರ್ಚು ಅಂತ 1 ಪೌಂಡ್ ಹಿಡಿಯಬಹುದು. ಲಂಡನ್ ಬಾಡಿಗೆ ಕಟ್ಟುವವರಿಗೆ ಇದು ಸಣ್ಣ ಏಟಲ್ಲ. ನಿಮ್ಮ ಬಾಕಿ ಎರಡು ತಿಂಗಳಲ್ಲಿ ತೀರುತ್ತೆ ನಿಜ, ಆದರೆ ಪ್ರೊಬೇಷನ್‌ನಲ್ಲಿರುವಾಗ ಪೇರೋಲ್ ಮೇಜಿನ ಮೇಲೆ ಆ ಕಾಗದ ಯಾಕೆ?

ಈಗಿನ ಕಂಪನಿಯಲ್ಲಿ ಆಗಲೇ ಇಂಥ ಕಡಿತ ಶುರುವಾಗಿದ್ದರೆ, ಕೆಲಸ ಬದಲಿಸಿದ 14 ದಿನದಲ್ಲಿ ಕೌನ್ಸಿಲ್‌ಗೆ ತಿಳಿಸುವ ಹೊಣೆ ನಿಮ್ಮದೇ.

ಕಂಪ್ಲೈಯನ್ಸ್_ಕಾರಂತ:
ನೀವು ಸೇರುವುದು ಬ್ಯಾಂಕಿಗೆ, ಅದನ್ನು ಮರೆಯಬೇಡಿ. ಹಣಕಾಸು ಸಂಸ್ಥೆಗಳ ನಿಯಂತ್ರಕ ಎಫ್‌ಸಿಎ ನಿಯಮಾವಳಿಯ ಫಿಟ್ ಅಂಡ್ ಪ್ರಾಪರ್ (ಹುದ್ದೆಗೆ ಯೋಗ್ಯರೇ ಎಂಬ) ಪರೀಕ್ಷೆಯಲ್ಲಿ ಆರ್ಥಿಕ ಸ್ಥಿತಿಯೂ ಒಂದು ಅಂಶ. ಕೋರ್ಟು ತೀರ್ಪಿನ ಸಾಲ ಬಾಕಿ ಉಳಿದಿದೆಯಾ, ತಕ್ಕ ಸಮಯದಲ್ಲಿ ತೀರಿಸಿದ್ದಾರಾ ಅಂತ ನೋಡುತ್ತಾರೆ. ಕಡ್ಡಾಯ ಇರುವುದು ಸೀನಿಯರ್ ಮ್ಯಾನೇಜರ್ ಮತ್ತು ಸರ್ಟಿಫಿಕೇಷನ್ ಹುದ್ದೆಗಳಿಗೆ. ಮಾಮೂಲಿ ಐಟಿ ಹುದ್ದೆ ಅದರಡಿ ಬರುವುದು ಕಡಿಮೆ, ಆದರೂ ಎಷ್ಟೋ ಬ್ಯಾಂಕುಗಳು ಎಲ್ಲರಿಗೂ ಒಂದೇ ಫಾರಂ ಕೊಡುತ್ತವೆ. ಕೈಯಲ್ಲಿ ಹಣ ಕಡಿಮೆ ಅನ್ನುವುದೇ ಅನರ್ಹತೆಯಲ್ಲ ಅಂತಲೂ ಅದೇ ನಿಯಮಾವಳಿ ಹೇಳುತ್ತೆ.

ಹಾಗಾಗಿ 'ಹೇಳಬೇಕಾ' ಅನ್ನುವುದಕ್ಕೆ ಉತ್ತರ ಫಾರಂನ ವಾಕ್ಯದಲ್ಲಿದೆ. ಪ್ರಶ್ನೆ 'ಸಿಸಿಜೆ, ದಿವಾಳಿ, ಐವಿಎ ಇದೆಯೇ' ಅಂತ ಅಷ್ಟಕ್ಕೇ ನಿಂತಿದ್ದರೆ 'ಇಲ್ಲ' ಅನ್ನುವುದು ಸುಳ್ಳಲ್ಲ. 'ಯಾವುದೇ ಕೋರ್ಟು ಆದೇಶದ ಸಾಲ', 'ತೀರಿಸದ ತೆರಿಗೆ', 'ಕಂತು ತಪ್ಪಿದ ಬಾಕಿ' ಅಂತ ಅಗಲವಾಗಿ ಕೇಳಿದ್ದರೆ 'ಹೌದು' ಅನ್ನಿ. ಲಯಬಿಲಿಟಿ ಆರ್ಡರ್ ಕೋರ್ಟು ತೀರ್ಪು ಹೌದೋ ಅಲ್ಲವೋ ಅಂತ ವಾದ ಹೂಡುವ ಜಾಗ ಆ ಫಾರಂ ಅಲ್ಲ. ಕೆಳಗೆ ಮೂರು ಸಾಲು ಸಾಕು: ಎಷ್ಟು ಬಾಕಿ, ವಿಳಾಸ ಬದಲಾದಾಗ ನೋಟಿಸ್ ತಲುಪಲಿಲ್ಲ, ಇಂಥ ದಿನ ಪೂರ್ತಿ ಕಟ್ಟಿದೆ ಅಥವಾ ಕಂತು ಒಪ್ಪಂದವಾಗಿದೆ. 1,640 ಪೌಂಡಿಗೆ ಆಫರ್ ಹಿಂತೆಗೆಯುವವರು ಅಪರೂಪ. ಸುಳ್ಳು ಘೋಷಣೆ ಸಿಕ್ಕಿಬಿದ್ದರೆ ಮಾತ್ರ ಪ್ರಾಮಾಣಿಕತೆಯ ಪ್ರಶ್ನೆ ಏಳುತ್ತೆ, ಸೇರಿ ವರ್ಷವಾದ ಮೇಲೂ.

ಇನ್ನೊಂದು ಎಡವಟ್ಟು ಇದೆ. ವಿಳಾಸದ ಪುರಾವೆಗೆ ಏಜೆನ್ಸಿಗಳು ಕೌನ್ಸಿಲ್ ಟ್ಯಾಕ್ಸ್ ಬಿಲ್ಲನ್ನೇ ಕೇಳುವುದುಂಟು. ಹಳೇ ಮನೆಗೆ ಅಂತ ಕೈಗೆ ಸಿಕ್ಕ ರಿಮೈಂಡರನ್ನೇ ಸ್ಕ್ಯಾನ್ ಮಾಡಿ ಅಪ್‌ಲೋಡ್ ಮಾಡಿದರೆ ಬಾಕಿಯ ಪುರಾವೆಯನ್ನು ನೀವೇ ಕೈಯಾರೆ ಕೊಟ್ಟ ಹಾಗೆ. ಬಾಡಿಗೆ ಕರಾರು ಅಥವಾ ಬ್ಯಾಂಕ್ ಸ್ಟೇಟ್‌ಮೆಂಟ್ ಕೊಡಿ.

ಲೆಡ್ಜರ್_ಪುಟ್ಟಯ್ಯ:
ಒಪ್ಪಿದೆ, ಕಾರಂತರೇ. ನಾನು 'ಬಾಯಿ ಬಿಡಬೇಡಿ' ಅಂದದ್ದಕ್ಕೆ 'ಫಾರಂನಲ್ಲಿ ಕೇಳದೇ ಇದ್ದರೆ' ಅನ್ನುವುದನ್ನು ಸೇರಿಸಿ ಓದಿಕೊಳ್ಳಿ.

ಆರ್ಡರ್ ರದ್ದತಿ ಬಗ್ಗೆ. ಕೋರ್ಟು ನೋಡುವುದು ಮೂರು: ವಾದಿಸಲು ನಿಜವಾದ ಕಾರಣ ಇದೆಯಾ, ಪ್ರಕ್ರಿಯೆಯಲ್ಲಿ ದೊಡ್ಡ ಲೋಪ ಆಗಿದೆಯಾ, ಗೊತ್ತಾದ ಕೂಡಲೇ ಅರ್ಜಿ ಹಾಕಿದ್ದೀರಾ. 'ಪತ್ರ ಸಿಗಲಿಲ್ಲ' ಅನ್ನುವುದೊಂದೇ ನಿಲ್ಲಲ್ಲ. ಕೌನ್ಸಿಲ್‌ಗೆ ಗೊತ್ತಿದ್ದ ಕೊನೇ ವಿಳಾಸಕ್ಕೆ ಅಂಚೆಯಲ್ಲಿ ಕಳಿಸಿದರೆ ಸಾಕು ಅಂತ ಕಾನೂನಿದೆ. ನಾಲ್ಕು ವಾರದಲ್ಲಿ ಮುಗಿಯುವ ಕೆಲಸವೂ ಅಲ್ಲ.

ಅದಕ್ಕಿಂತ ಬಿಲ್ಲಿನ ತಾರೀಖು ನೋಡಿ. ಮನೆ ಬಿಟ್ಟದ್ದನ್ನು ತಿಳಿಸದಿದ್ದರೆ ಕೌನ್ಸಿಲ್ ನಿಮ್ಮ ಹೆಸರಿಗೇ ಬಿಲ್ ಏರಿಸುತ್ತಾ ಹೋಗುತ್ತೆ. ಬಾಡಿಗೆ ಮುಗಿದ ದಿನದ ಮೇಲಿನ ಬಿಲ್ ಇದ್ದರೆ ಕರಾರು, ಚೆಕ್‌ಔಟ್ ವರದಿ, ಡೆಪಾಸಿಟ್ ವಾಪಸ್ ಬಂದ ಇಮೇಲ್ ಕಳಿಸಿ, ಇಳಿಸುತ್ತಾರೆ. ಆದರೆ 6 ತಿಂಗಳು ಅಥವಾ ಹೆಚ್ಚಿನ ಅವಧಿಯ ಕರಾರು ಮಾಡಿ ಮಧ್ಯದಲ್ಲೇ ಖಾಲಿ ಮಾಡಿದ್ದರೆ, ಆ ಅವಧಿ ಮುಗಿಯುವ ತನಕ ಖಾಲಿ ಮನೆಯ ತೆರಿಗೆಯೂ ನಿಮ್ಮ ತಲೆಗೇ ಬರಬಹುದು. ಒಬ್ಬರೇ ವಯಸ್ಕರಿದ್ದ ತಿಂಗಳುಗಳಿಗೆ 25% ರಿಯಾಯಿತಿ ಸಿಕ್ಕಿದೆಯಾ ಅಂತಲೂ ನೋಡಿಕೊಳ್ಳಿ.

ಕಟ್ಟುವಾಗ ಹಳೇ ಅಕೌಂಟ್ ನಂಬರ್ ಹಾಕಿ, ಯಾವ ವರ್ಷದ ಬಾಕಿ ಅಂತ ಇಮೇಲಿನಲ್ಲಿ ಬರೆಯಿರಿ. ಅದೇ ಕೌನ್ಸಿಲ್‌ನಲ್ಲಿ ಹೊಸ ಮನೆ ಇದ್ದರೆ ದುಡ್ಡು ಈ ವರ್ಷದ ಖಾತೆಗೆ ಬಿದ್ದು ಹಳೇದು ಹಾಗೇ ಉಳಿಯುತ್ತೆ. ಬಾಕಿ ಬೇಲಿಫ್‌ಗೆ (ವಸೂಲಿ ಅಧಿಕಾರಿಗೆ) ಹೋಗುವ ಮೊದಲೇ ಕೌನ್ಸಿಲ್ ಜೊತೆ ಮಾತಾಡಿ. ಅವರಿಗೆ ಫೈಲ್ ಹೋದ ಕೂಡಲೇ 75 ಪೌಂಡ್, ಮನೆ ಬಾಗಿಲಿಗೆ ಬಂದರೆ ಇನ್ನೂ 235. ಇವು 2014ರ ನಿಯಮದಲ್ಲಿ ನಿಗದಿಯಾಗಿದ್ದ ದರ, ಈಗ ಎಷ್ಟಿದೆ ಅಂತ ನೋಡಿಕೊಳ್ಳಿ. ಒಮ್ಮೆಗೇ ಆಗದಿದ್ದರೆ ಕಂತು ಕೇಳಿ, ಒಪ್ಪಿದ್ದನ್ನು ಬರಹದಲ್ಲಿ ತೆಗೆದುಕೊಳ್ಳಿ. ಪೂರ್ತಿ ಕಟ್ಟಿದರೆ ಬಾಕಿ ಸೊನ್ನೆ ಎಂಬ ಪತ್ರ ಕೇಳಿ ಪಿಡಿಎಫ್ ಇಟ್ಟುಕೊಳ್ಳಿ. ಕೈಯಲ್ಲಿ ಏನೂ ಇಲ್ಲ ಅಂದರೆ ಸಾಲ ಸಲಹೆ ಕೊಡುವ ಸ್ಟೆಪ್‌ಚೇಂಜ್ ಅಥವಾ ನ್ಯಾಷನಲ್ ಡೆಟ್‌ಲೈನ್‌ಗೆ ಹೋಗಿ, ಎರಡೂ ಉಚಿತ. ಸಾಲ ಸಲಹೆಗಾರರ ಮೂಲಕ 60 ದಿನದ ಬ್ರೀದಿಂಗ್ ಸ್ಪೇಸ್ (ವಸೂಲಿಗೆ ತಾತ್ಕಾಲಿಕ ತಡೆ) ಸಿಗುತ್ತೆ, ಈ ವರ್ಷದ ಕಂತು ಮಾತ್ರ ಕಟ್ಟುತ್ತಿರಬೇಕು.

ಮಿಡ್‌ಲ್ಯಾಂಡ್ಸ್_ಮಂಡ್ಯ:
ತುಂಬಾ ಉಪಕಾರ. ಫಾರಂ ತೆಗೆದು ನೋಡಿದೆ, 'ತೀರಿಸದ ಕೋರ್ಟು ಆದೇಶದ ಸಾಲ' ಅಂತಲೇ ಕೇಳಿದ್ದಾರೆ. ಈ ವಾರ ಕಟ್ಟಿಬಿಟ್ಟು ವಿವರ ಬರೆಯುತ್ತೇನೆ. ಹೆಂಡತಿ ನರ್ಸ್, ಎನ್‌ಎಚ್‌ಎಸ್‌ಗೆ (ಸರ್ಕಾರಿ ಆರೋಗ್ಯ ಸೇವೆಗೆ) ಅರ್ಜಿ ಹಾಕಿದ್ದಾಳೆ. ಬಾಡಿಗೆ ಕರಾರಿನಲ್ಲಿ ಅವಳ ಹೆಸರೂ ಇದೆ. ಅವಳಿಗೂ ತೊಂದರೆಯೇ?

ಪೇರೋಲ್_ಪದ್ಮ:
ಎನ್‌ಎಚ್‌ಎಸ್ ಪೂರ್ವಪರಿಶೀಲನೆಯಲ್ಲಿ ಆರು ವಿಷಯ: ಗುರುತು, ಕೆಲಸ ಮಾಡುವ ಹಕ್ಕು, ವೃತ್ತಿ ನೋಂದಣಿ, ಹಿಂದಿನ ಕೆಲಸ ಮತ್ತು ರೆಫರೆನ್ಸ್, ಅಪರಾಧ ದಾಖಲೆ, ಆರೋಗ್ಯ. ಕ್ರೆಡಿಟ್ ಚೆಕ್ ಆ ಆರರಲ್ಲಿ ಇಲ್ಲ. ಆದರೆ ಬಾಕಿ ಇಬ್ಬರದೂ. ಗಂಡ ಹೆಂಡತಿ ಒಟ್ಟಿಗೆ ಬಾಡಿಗೆಗಿದ್ದರೆ ಪೂರ್ತಿ ಮೊತ್ತವನ್ನು ಯಾರಿಂದ ಬೇಕಾದರೂ ವಸೂಲಿ ಮಾಡಬಹುದು, ಅರ್ಧ ಅರ್ಧ ಅನ್ನುವ ಲೆಕ್ಕ ಇಲ್ಲ. ಆರ್ಡರ್‌ನಲ್ಲಿ ಅವರ ಹೆಸರೂ ಇದೆಯಾ ನೋಡಿ. ಇದ್ದರೆ ಕಡಿತದ ಕಾಗದ ಅವರ ಎನ್‌ಎಚ್‌ಎಸ್ ಟ್ರಸ್ಟಿಗೂ (ಅವರಿಗೆ ಕೆಲಸ ಕೊಡುವ ಸಂಸ್ಥೆಗೂ) ಹೋಗಬಹುದು.

ಕಂಪ್ಲೈಯನ್ಸ್_ಕಾರಂತ:
ಮುಂದೆ ಬ್ರಿಟಿಷ್ ಪೌರತ್ವಕ್ಕೆ ಅರ್ಜಿ ಹಾಕುವ ಯೋಚನೆ ಇದ್ದರೆ ಆ ಸೊನ್ನೆ ಬಾಕಿಯ ಪತ್ರ ಬಿಸಾಡಬೇಡಿ. ಅಲ್ಲಿನ ಗುಡ್ ಕ್ಯಾರೆಕ್ಟರ್ (ಒಳ್ಳೆಯ ನಡತೆ) ಪರಿಶೀಲನೆಯಲ್ಲಿ ತೆರಿಗೆ, ಹಣಕಾಸಿನ ನಡತೆಯೂ ಸೇರುತ್ತೆ. ಸ್ಕಾಟ್ಲೆಂಡಿನಿಂದ ಇದನ್ನು ಓದುತ್ತಿರುವವರಿಗೆ: ಅಲ್ಲಿ ಲಯಬಿಲಿಟಿ ಆರ್ಡರ್ ಬದಲು ಸಮ್ಮರಿ ವಾರಂಟ್, ಬಾಕಿಯ ಮೇಲೆ 10% ಸೇರುತ್ತೆ. ಕಡಿತದ ಪಟ್ಟಿಯೂ ಬೇರೆ, ಪದ್ಮ ಮೇಡಂ ಕೊಟ್ಟ ಲೆಕ್ಕ ಹಿಡಿಯಬೇಡಿ.