ಗಾಳಿ ಏಕೆ ಬೀಸುತ್ತದೆ: ಏಳನೆಯ ತರಗತಿಯ ಮಕ್ಕಳಿಗೆ ಹೇಗೆ ಹೇಳಿಕೊಡುತ್ತೀರಿ?

ಕೋರಿಕೆ (ಡೊಂಬಿವಿಲಿ): ನಮ್ಮ ಕಟ್ಟಡದ ಕೆಲವು ಮಕ್ಕಳಿಗೆ ಸಂಜೆ ವಿಜ್ಞಾನ ಹೇಳಿಕೊಡುತ್ತೇನೆ. ‘ಬಿಸಿ ಗಾಳಿ ಮೇಲೇರುತ್ತದೆ, ಆ ಜಾಗಕ್ಕೆ ತಣ್ಣನೆಯ ಗಾಳಿ ಬರುತ್ತದೆ’ ಎಂದು ಬಾಯಿಪಾಠ ಒಪ್ಪಿಸುವವರು, ‘ಏಕೆ ಬರಬೇಕು?’ ಎಂದರೆ ಸುಮ್ಮನಾಗುತ್ತಾರೆ. ಈ ಪಾಠ ಮಾಡಿದ ಅನುಭವವಿರುವವರು ದಯವಿಟ್ಟು ತಿಳಿಸಿ.

ಉತ್ತರ (ಮಾಟುಂಗಾ): ನಾನು ಕನ್ನಡ ಮಾಧ್ಯಮದ ಶಾಲೆಯಲ್ಲಿ ಬಹುಕಾಲ ವಿಜ್ಞಾನ ಕಲಿಸಿದವನು. ನಿಮ್ಮ ‘ಏಕೆ’ಗೆ ಉತ್ತರ ಒತ್ತಡದಲ್ಲಿರುವುದರಿಂದ, ಗಾಳಿಗೆ ತೂಕವಿದೆ ಎಂಬುದನ್ನು ಮೊದಲು ಮನದಟ್ಟು ಮಾಡಿಸಿ, ಸಮುದ್ರಮಟ್ಟದಲ್ಲಿ ಒಂದು ಘನ ಮೀಟರ್ ಗಾಳಿ ಸುಮಾರು 1.2 ಕಿಲೋ ತೂಗುತ್ತದೆಂದರೆ ಮಕ್ಕಳು ಸುಲಭವಾಗಿ ನಂಬುವುದಿಲ್ಲ. ಬಿಸಿಯಾದ ಗಾಳಿ ಹಿಗ್ಗಿ, ಹಗುರಾಗಿ ಮೇಲೇರಿ, ಎತ್ತರದಲ್ಲಿ ಅಕ್ಕಪಕ್ಕಕ್ಕೆ ಹರಿದುಹೋದಾಗ, ಆ ನೆಲದ ಮೇಲಿರುವ ಗಾಳಿಯ ಒಟ್ಟು ತೂಕ ತಗ್ಗಿ ಒತ್ತಡ ಇಳಿಯುತ್ತದೆ, ಒತ್ತಡ ಹೆಚ್ಚಿರುವ ಕಡೆಯಿಂದ ಗಾಳಿ ಅಲ್ಲಿಗೆ ನುಗ್ಗುತ್ತದೆ. ಬಿಸಿ ಜಾಗ ಗಾಳಿಯನ್ನು ಎಳೆದುಕೊಳ್ಳುತ್ತದೆ ಎಂದು ಮಾತ್ರ ಹೇಳಬೇಡಿ; ಹೆಚ್ಚು ಒತ್ತಡವೇ ಅದನ್ನು ನೂಕುವುದು. ಫ್ಯಾನ್ ಆರಿಸಿ, ಉರಿಯುವ ಮೇಣದಬತ್ತಿಯ ಪಕ್ಕದಲ್ಲಿ, ಜ್ವಾಲೆಗಿಂತ ತುಸು ಕೆಳಗೆ ಊದುಬತ್ತಿ ಹಿಡಿದರೆ, ಹೊಗೆ ಜ್ವಾಲೆಯತ್ತ ಬಾಗಿ ಆಮೇಲೆ ಮೇಲೇಳುವುದು ಕಾಣಿಸುತ್ತದೆ.

ಉತ್ತರ (ವರ್ಸೋವಾ): ಸಾಧ್ಯವಾದರೆ ಏಪ್ರಿಲ್ ತಿಂಗಳ ಒಂದು ಮಧ್ಯಾಹ್ನ ಮಕ್ಕಳನ್ನು ಜುಹೂ ಕಡಲತೀರಕ್ಕೆ ಕರೆದೊಯ್ಯಿರಿ. ಚಪ್ಪಲಿ ಕಳಚಿದರೆ ಒಣ ಮರಳು ಅಂಗಾಲು ಸುಡುತ್ತದೆ, ಕೆಲವೇ ಹೆಜ್ಜೆ ಮುಂದಿನ ನೀರು ತಂಪಾಗಿರುತ್ತದೆ. ಅಷ್ಟೇ ತೂಕದ ಮರಳಿಗಿಂತ ನೀರನ್ನು ಒಂದು ಡಿಗ್ರಿ ಬಿಸಿ ಮಾಡಲು ನಾಲ್ಕೈದು ಪಟ್ಟು ಶಾಖ ಬೇಕು, ಸಾಲದೆಂಬಂತೆ ಅಲೆಗಳು ಆ ಶಾಖವನ್ನು ಆಳಕ್ಕೂ ಕಲಸಿಬಿಡುತ್ತವೆ. ಹೀಗಾಗಿ ಹಗಲು ಕಡಲಿನಿಂದ ನೆಲಕ್ಕೆ ಗಾಳಿ. ರಾತ್ರಿ ನೆಲ ಬೇಗ ಆರುವುದರಿಂದ, ಬೆಳಗಿನ ಜಾವಕ್ಕೆ ನೆಲದಿಂದ ಕಡಲಿಗೆ. ಮಾರ್ಚ್ ತಿಂಗಳಲ್ಲಿ ಪೂರ್ವದ ಒಣಗಾಳಿ ಜೋರಾಗಿ ಕಡಲಗಾಳಿ ತಡವಾದ ದಿನಗಳಲ್ಲಿ ಮುಂಬಯಿಯ ಉಷ್ಣಾಂಶ 40 ಡಿಗ್ರಿಯ ಹತ್ತಿರ ಹೋಗುವುದನ್ನೂ ಇಲ್ಲಿಯೇ ಹೇಳಬಹುದು, ಆ ಸೆಕೆ ಮಕ್ಕಳಿಗೆ ಚೆನ್ನಾಗಿಯೇ ಗೊತ್ತು.

ಉತ್ತರ (ಠಾಣೆ): ಮಾಸ್ತರರ ಮಾತಿಗೆ ಚಿಕ್ಕ ಸೇರ್ಪಡೆ. ಉಪಖಂಡದ ನೆಲಕ್ಕೂ ಹಿಂದೂ ಮಹಾಸಾಗರಕ್ಕೂ ನಡುವೆ ಇಂಥದೇ ವ್ಯತ್ಯಾಸ ಏರ್ಪಡುವುದು ಮುಂಗಾರಿಗೆ ಮುಖ್ಯ ಕಾರಣಗಳಲ್ಲೊಂದು. ಭೂಮಿ ತಿರುಗುತ್ತಿರುವುದರಿಂದ, ಸಮಭಾಜಕ ವೃತ್ತ ದಾಟಿದ ಗಾಳಿ ಬಲಕ್ಕೆ ಹೊರಳಿ ನೈಋತ್ಯದಿಂದ ಬೀಸುತ್ತದೆ. ಗಾಳಿಗೆ ಹೆಸರು ಬರುವುದು ಅದು ಹೊರಟ ದಿಕ್ಕಿನಿಂದ. ನನ್ನ ಮಗಳು ನಕ್ಷೆಯಲ್ಲಿ ಬಾಣವನ್ನು ತಿರುಗಿಸಿ ಬರೆದು ಅಂಕ ಕಳೆದುಕೊಂಡದ್ದು ಇಲ್ಲಿಯೇ, ಆದ್ದರಿಂದ ನಕ್ಷೆಯನ್ನು ಅವರ ಕೈಯಿಂದಲೇ ಬರೆಸಿ.